ಲಿಫ್ಟಿನ ಬಿಲ್ಲು, ಲೋಣಾವಳದ ನೀರು

ಕಳೆದ ಫೆಬ್ರುವರಿಯಲ್ಲಿ ನಮ್ಮ ಕಟ್ಟಡದ ನೋಟೀಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದರು. ಲೈಟಿನ ಬಿಲ್ಲು ಮಿತಿಮೀರಿದ್ದರಿಂದ ಎರಡು ಲಿಫ್ಟುಗಳಲ್ಲಿ ಒಂದನ್ನು ಬಂದ್ ಇಡಲಾಗುವುದು, ಇನ್ನೊಂದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಡೆಯುವುದಿಲ್ಲ, ಎಲ್ಲರೂ ಸಹಕರಿಸಬೇಕು ಎಂದು ಮರಾಠಿಯಲ್ಲಿ ಬರೆದಿತ್ತು. ನಾವಿರುವುದು ಹದಿನಾಲ್ಕನೆಯ ಮಾಳಿಗೆಯಲ್ಲಿ. ನನ್ನ ಮುತ್ಯಾನಿಗೆ ಎಂಬತ್ತು ವರ್ಷ. ಮಧ್ಯಾಹ್ನದ ಊಟ ಮುಗಿಸಿ ಕೆಳಗಿಳಿದು, ಬೇವಿನ ಮರದ ಕೆಳಗೆ ಹಳೆಯ ಗಿರಣಿಯ ನಾಲ್ಕು ಜನರ ಜೊತೆ ಕೂತು ಬರುವುದು ಅವರ ದಿನಚರಿ. ಆ ದಿನ ಕೆಳಗೇ ಸಿಕ್ಕಿಬಿದ್ದು ನಾಲ್ಕು ಗಂಟೆಯ ತನಕ ಕೂತಿದ್ದರು. ಮರುದಿನದಿಂದ ಇಳಿಯುವುದನ್ನೇ ಬಿಟ್ಟರು.

ಈ ಲೇಖನ ಆ ಚೀಟಿಯಿಂದ ಶುರುವಾಯಿತು. ನಾನು ವಾಣಿಜ್ಯ ವಿಭಾಗದವಳು. ವಿಜ್ಞಾನವೆಂದರೆ ಏಳನೆಯ ಇಯತ್ತೆಯ ಕನ್ನಡ ಶಾಲೆಯಲ್ಲಿ ಮಾಸ್ತರರು ಬ್ಯಾಟರಿ ಸೆಲ್ಲಿಗೆ ತಂತಿ ಸುತ್ತಿ ಬಲ್ಬು ಹೊತ್ತಿಸಿ ತೋರಿಸಿದ್ದಷ್ಟೇ ನೆನಪು. ಆದರೆ 'ಬಿ.ಕಾಂ. ಓದ್ತಾಳಲ್ಲ, ಇವಳೇ ಲೆಕ್ಕ ಮಾಡಲಿ' ಎಂದು ಕಮಿಟಿಯವರು ಒಂದು ವರ್ಷದ ಬಿಲ್ಲುಗಳನ್ನು ನನ್ನ ಕೈಗಿತ್ತರು. ಗಚ್ಚಿಯ ಮೇಲೆ ಸೋಲಾರ್ ಹಾಕಿಸಿದರೆ ಉಳಿಯುತ್ತದೋ ಇಲ್ಲವೋ ಹೇಳು ಅಂದರು. ಉಳಿಯುತ್ತದೋ ಇಲ್ಲವೋ ಹೇಳಬೇಕಾದರೆ ಈಗ ಬರುವ ಕರೆಂಟು ಎಲ್ಲಿಂದ ಬರುತ್ತದೆ, ಅದಕ್ಕೆ ಯಾಕಿಷ್ಟು ದುಡ್ಡು ಎಂದು ಮೊದಲು ತಿಳಿಯಬೇಕಲ್ಲ? ಹಾಗೆ ಹುಡುಕುತ್ತ ಹೋದದ್ದನ್ನು ಇಲ್ಲಿ ಬರೆದಿದ್ದೇನೆ.

ನಾವು ಮೊದಲಿದ್ದದ್ದು ಪರೇಲಿನದೇ ಒಂದು ಚಾಳಿನಲ್ಲಿ. ಒಂದು ಖೋಲಿ, ಒಂದು ಟ್ಯೂಬ್, ಒಂದು ಫ್ಯಾನು, ಒಂದು ಟಿ.ವಿ. ಸಾಮಾಯಿಕ ಖರ್ಚೆಂದರೆ ಓಣಿಯ ದೀಪ, ನೀರಿನ ಪಂಪು. ಚಾಳು ಕೆಡವಿ ಹದಿನಾರು ಮಾಳಿಗೆಯ ಕಟ್ಟಡ ಕಟ್ಟಿ ತೊಂಬತ್ತಾರು ಕುಟುಂಬಗಳಿಗೆ ಮನೆ ಕೊಟ್ಟರು. ಪಕ್ಕದಲ್ಲೇ, ಮಾರಾಟಕ್ಕೆಂದು ನಮ್ಮದರ ಎರಡೂವರೆ ಪಟ್ಟು ಎತ್ತರದ ಟವರು ಎದ್ದಿತು. ನಮ್ಮ ಮನೆಯೇನೋ ಪುಕ್ಕಟೆ ಸಿಕ್ಕಿತು, ಆದರೆ ಅದರಲ್ಲಿ ಇರುವುದು ಪುಕ್ಕಟೆಯಲ್ಲ. ಲಿಫ್ಟು, ಹದಿನಾರು ಮಾಳಿಗೆಗೆ ನೀರೇರಿಸುವ ಪಂಪು, ಮೆಟ್ಟಿಲ ದೀಪ, ಎಲ್ಲದರ ಬಿಲ್ಲೂ ಹಂಚಿಕೆ. ನಾಲ್ಕು ಕುಟುಂಬಗಳು ಮನೆ ಬಾಡಿಗೆಗೆ ಕೊಟ್ಟು ಬದಲಾಪುರದ ಕಡೆ ಹೋಗಿಯಾಯಿತು.

ಪರೇಲಿನಲ್ಲಿ ಕರೆಂಟು ಮಾರುವುದು ಬೆಸ್ಟ್. ಹೌದು, ಕೆಂಪು ಬಸ್ಸು ಓಡಿಸುವ ಅದೇ ಬೆಸ್ಟ್. 1905ರಲ್ಲಿ ಹುಟ್ಟಿದ ವಿದ್ಯುತ್ತು ಹಾಗೂ ಟ್ರಾಮಿನ ಕಂಪನಿಯನ್ನು 1947ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, ನಗರಪಾಲಿಕೆ ತನ್ನದಾಗಿ ಮಾಡಿಕೊಂಡಿತು. ಬೆಸ್ಟ್ ತಾನು ಕರೆಂಟು ತಯಾರಿಸುವುದಿಲ್ಲ, ಕೊಂಡು ಮಾರುತ್ತದೆ, ಕೊಳ್ಳುವುದರಲ್ಲಿ ಬಹುಪಾಲು ಟಾಟಾದವರಿಂದ. ಟಾಟಾದವರ ಕರೆಂಟು ಎಲ್ಲಿಯದು ಎಂದು ನಾನು ಪುಸ್ತಕ ತಿರುವುತ್ತಿದ್ದಾಗ ಮುತ್ಯಾ ಮಂಚದ ಮೇಲಿಂದಲೇ ಅಂದರು: "ಯವ್ವಾ, ಅದು ನಮ್ಮ ನೀರು. ಭೀಮಾ ಹೊಳೀಗಿ ಬರೋ ನೀರು. ಮ್ಯಾಲಿಂದಾನ ಹೊಳ್ಳಿಸಿ ಇತ್ತ ಒಯ್ದಾರ."

ಮುತ್ಯಾ ಅಫಜಲಪುರ ತಾಲೂಕಿನವರು. ಭೀಮೆಯ ದಂಡೆಯ ಹಳ್ಳಿಯಿಂದ 1963ರಲ್ಲಿ ಬಂದು ಇಲ್ಲಿಯ ಗಿರಣಿಯೊಂದರ ನೇಯ್ಗೆ ಖಾತೆಗೆ ಸೇರಿದವರು. ಊರ ಅಭಿಮಾನಕ್ಕೆ ಹಾಗಂತಾರೆ ಎಂದುಕೊಂಡೆ. ನಕಾಶೆ ಬಿಚ್ಚಿ ನೋಡಿದರೆ ಮಾತು ಅಕ್ಷರಶಃ ಸರಿ!

ಸಂಗತಿ ಹೀಗಿದೆ. ಲೋಣಾವಳದ ಬೆಟ್ಟಗಳ ಮೇಲೆ ಬಿದ್ದ ಮಳೆ ಸಹಜವಾಗಿ ಹರಿಯುವುದು ಪೂರ್ವಕ್ಕೆ. ಇಂದ್ರಾಯಣಿ, ಆಂಧ್ರಾ, ಮುಳಾ ನದಿಗಳ ನೀರು ಭೀಮೆಗೆ ಸೇರಿ, ಪಂಢರಪುರ ದಾಟಿ, ವಿಜಯಪುರ ಕಲಬುರಗಿ ಜಿಲ್ಲೆಗಳ ಅಂಚು ಸವರಿ, ಕೃಷ್ಣೆಯೊಳಗೆ ಹೋಗಬೇಕು. ಆದರೆ ಘಟ್ಟದ ಪಶ್ಚಿಮದ ಅಂಚು ಗೋಡೆಯಂತೆ ಕಡಿದಾಗಿದೆ. ಮೇಲೆ ಕೆರೆ ಕಟ್ಟಿ ನೀರು ತಡೆದು, ಕೊಳವೆಯಲ್ಲಿ ಪಶ್ಚಿಮಕ್ಕೆ ಬಿಟ್ಟರೆ ಖೋಪೋಲಿಯ ಬುಡಕ್ಕೆ ಸುಮಾರು 500 ಮೀಟರ್ ಕೆಳಗೆ ಧುಮುಕುತ್ತದೆ. ಆ ರಭಸಕ್ಕೆ ಚಕ್ರ ತಿರುಗಿಸಿದರೆ ಕರೆಂಟು. ಇದು ಜಮಶೇಟಜಿ ಟಾಟಾ ಅವರ ಕನಸು. 1904ರಲ್ಲಿ ಅವರು ತೀರಿಕೊಂಡ ಮೇಲೆ, 1910ರಲ್ಲಿ ಕಂಪನಿ ಕಟ್ಟಿ, 1915ರಲ್ಲಿ ಖೋಪೋಲಿಯ ಕರೆಂಟನ್ನು ಮುಂಬಯಿಗೆ ತಂದರು. ಆ ಕರೆಂಟು ಬಂದಿಳಿದ ರಿಸೀವಿಂಗ್ ಸ್ಟೇಶನ್ ಇದ್ದದ್ದು ಬೇರೆಲ್ಲೂ ಅಲ್ಲ, ಪರೇಲಿನಲ್ಲಿ. (ನಮ್ಮ ಮೈಸೂರು ಸೀಮೆಯವರು ಇದರಲ್ಲಿ ಮುಂದಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಹೋಗಿತ್ತು.)

ಅದಕ್ಕೆ ಮುಂಚೆ ಗಿರಣಗಾಂವ ನಡೆಯುತ್ತಿದ್ದದ್ದು ಕಲ್ಲಿದ್ದಲಿನ ಮೇಲೆ. ಪ್ರತಿ ಗಿರಣಿಗೂ ತನ್ನದೇ ಬಾಯ್ಲರು, ತನ್ನದೇ ಉಗಿಯಂತ್ರ, ತನ್ನದೇ ಚಿಮಣಿ. ಕಲ್ಲಿದ್ದಲೋ ದೂರದಿಂದ ಬರಬೇಕು, ಸಾಗಾಟದ ಖರ್ಚೇ ತಲೆನೋವು. ಘಟ್ಟದ ಕರೆಂಟು ಬಂದ ಮೇಲೆ ಒಂದೊಂದೇ ಗಿರಣಿ ಮೋಟರು ಕೂಡಿಸಿಕೊಂಡಿತು. ಬಣ್ಣಕ್ಕೆ, ಗಂಜಿಗೆ ಉಗಿ ಬೇಕಾಗಿದ್ದರಿಂದ ಚಿಮಣಿಗಳು ಉಳಿದವು. ಮಗ್ಗ ತಿರುಗಿದ್ದು ಮಾತ್ರ ನೀರಿನ ಬಲದಿಂದ. ಈಗ ಎಲ್ಲರೂ 'ಶುದ್ಧ ಶಕ್ತಿ, ನವೀಕರಿಸಬಹುದಾದ ಶಕ್ತಿ' ಎಂದು ಹೊಸ ಮಾತಿನಂತೆ ಆಡುತ್ತಾರೆ. ಪರೇಲಿನ ಕೂಲಿಕಾರ ನೂರು ವರ್ಷಕ್ಕೂ ಹಿಂದೆಯೇ ಶುದ್ಧ ಶಕ್ತಿಯಿಂದ ಬಟ್ಟೆ ನೇಯ್ದಿದ್ದಾನೆ. ಅವನ ಖೋಲಿಯಲ್ಲಿ ಆಗ ಚಿಮಣಿ ಎಣ್ಣೆಯ ದೀಪವೇ ಇದ್ದಿರಬೇಕು, ಅದು ಬೇರೆ ಮಾತು.

ಖೋಪೋಲಿಯ ನಂತರ 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ಭಿರಾಕ್ಕಾಗಿ ಮುಳಶಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮಾವಳ ಸೀಮೆಯ ರೈತರ ಗದ್ದೆಗಳು ಮುಳುಗಿದವು. 1921ರಲ್ಲಿ ಪಾಂಡುರಂಗ ಮಹಾದೇವ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ನಡೆಯಿತು. ಬಾಪಟರು ಜೈಲಿಗೆ ಹೋದರು, 'ಸೇನಾಪತಿ' ಎಂಬ ಬಿರುದು ಅವರಿಗೆ ಬಂದದ್ದು ಈ ಹೋರಾಟದಿಂದಲೇ. ಅಣೆಕಟ್ಟು ನಿಲ್ಲಲಿಲ್ಲ. ನಾವು ದಿನಾ ದಾದರಿನಿಂದ ಲೋವರ್ ಪರೇಲಿನ ಕಡೆ ಬರುವ, ರೈಲು ಹಳಿಯ ಪಕ್ಕದ ರಸ್ತೆಯ ಹೆಸರು ಸೇನಾಪತಿ ಬಾಪಟ ಮಾರ್ಗ. ಫಿನಿಕ್ಸ್ ಗಿರಣಿಯ ಜಾಗದಲ್ಲಿ ಎದ್ದ ಮಾಲ್ ಇರುವುದು ಅದೇ ರಸ್ತೆಯಲ್ಲಿ. ಗಿರಣಿಗೆ ಕರೆಂಟು ಕೊಡುವ ಅಣೆಕಟ್ಟಿಗೆ ಎದೆಯೊಡ್ಡಿದವನ ಹೆಸರು ಗಿರಣಿಯ ಬಾಗಿಲಿಗೇ ಬಂದು ನಿಂತಿದೆ. ಯಾರು ಯೋಚಿಸಿ ಇಟ್ಟರೋ, ಯೋಚಿಸದೆ ಇಟ್ಟರೋ!

ಭೀಮೆಯ ನೀರಿನ ತಕರಾರು ಕೃಷ್ಣಾ ನ್ಯಾಯಾಧಿಕರಣದವರೆಗೂ ಹೋಗಿತ್ತು. 1976ರ ಅಂತಿಮ ಆದೇಶದಲ್ಲಿ ನ್ಯಾಯಮೂರ್ತಿ ಬಚಾವತರು, ಟಾಟಾ ಯೋಜನೆಗಳಿಗೆ ವರ್ಷಕ್ಕೆ 54.5 ಟಿ.ಎಂ.ಸಿ.ಗಿಂತ ಹೆಚ್ಚು ನೀರು ಪಶ್ಚಿಮಕ್ಕೆ ತಿರುಗಿಸಕೂಡದೆಂದು ಮಿತಿ ಹಾಕಿದರು. ಇದನ್ನು ಓದಿ ಹೇಳಿದಾಗ ಮುತ್ಯಾ, "ಹಂಗಾರ ನಾನೂ ನೀರಿನ ಬೆನ್ನ ಹತ್ತೇ ಬಂದೀನಂತ ತಿಳಿ" ಎಂದು ನಕ್ಕರು. ಬೇಸಿಗೆಯಲ್ಲಿ ಭೀಮೆ ಬತ್ತಿ ಉಸುಕು ಉಳಿದಾಗಲೇ ಅವರ ಓರಗೆಯವರು ಸೊಲ್ಲಾಪುರದ ಗಾಡಿ ಹತ್ತಿದ್ದು.

ಇಷ್ಟು ಒಳ್ಳೆಯ ನೀರಿನ ಕರೆಂಟು ಇದ್ದ ಊರಿಗೆ ಕಲ್ಲಿದ್ದಲು ಮತ್ತೆ ಯಾಕೆ ಬಂತು? ಉತ್ತರ ಸರಳವಾದ ವ್ಯವಕಲನ. ಮೂರೂ ಕೇಂದ್ರ ಸೇರಿ ಇಂದು 447 ಮೆಗಾವ್ಯಾಟ್. ಬೇಸಿಗೆಯ ಸೆಖೆಯಲ್ಲಿ ಮುಂಬಯಿಯ ಬೇಡಿಕೆ 4,000 ಮೆಗಾವ್ಯಾಟ್ ದಾಟುತ್ತದೆ. ಊರು ಬೆಳೆದಂತೆ 1956ರಲ್ಲಿ ಟ್ರಾಂಬೆಯಲ್ಲಿ ಉಷ್ಣವಿದ್ಯುತ್ ಕೇಂದ್ರ ಬಂತು, ಆಮೇಲೆ ಉಪನಗರಗಳಿಗಾಗಿ ತೊಂಬತ್ತರ ದಶಕದಲ್ಲಿ ಡಹಾಣೂದಲ್ಲಿ. ಗಿರಣಿಗಳು ಮುಚ್ಚಿದವು. 1982ರ ಜನವರಿ 18ರಂದು ಶುರುವಾದ ಮುಷ್ಕರದ ಕಥೆ ನಿಮಗೆಲ್ಲ ಗೊತ್ತು. ಮುತ್ಯಾನ ಕೆಲಸವೂ ಅದರಲ್ಲೇ ಹೋಯಿತು. ಗಿರಣಿ ಮುಚ್ಚಿದರೆ ಕರೆಂಟು ಉಳಿಯಬೇಕಿತ್ತಲ್ಲ? ಉಳಿಯಲಿಲ್ಲ. ಅದೇ ಜಾಗದಲ್ಲಿ ಗಾಜಿನ ಆಫೀಸುಗಳು ಎದ್ದವು. ಹೊರಗಿನ ಬಿಸಿಲು ಗಾಜಿನಿಂದ ಒಳಗೆ ಬರುತ್ತದೆ, ಅದನ್ನು ತಣಿಸಲು ಏ.ಸಿ. ಓಡುತ್ತದೆ. 2022ರ ಮಾರ್ಚ್‌ನಲ್ಲಿ ನಗರಪಾಲಿಕೆ ಹೊರಡಿಸಿದ ಹವಾಮಾನ ಯೋಜನೆಯ ಪ್ರಕಾರ, 2019ರಲ್ಲಿ ಈ ಊರು ಉಗುಳಿದ ಇಂಗಾಲದ ಲೆಕ್ಕ 2 ಕೋಟಿ 34 ಲಕ್ಷ ಟನ್. ಅದರಲ್ಲಿ ನೂರಕ್ಕೆ 72 ಪಾಲು ಶಕ್ತಿಯ ಬಳಕೆಯದು, ಅದರಲ್ಲೂ ಮುಖ್ಯವಾಗಿ ಕರೆಂಟಿನದು. 2050ರೊಳಗೆ ಇದನ್ನು ನಿವ್ವಳ ಸೊನ್ನೆಗೆ ತರುತ್ತೇವೆಂದು ಅದೇ ಯೋಜನೆ ಹೇಳುತ್ತದೆ. ಆಗ ನನಗೆ ನಲವತ್ತೈದು ದಾಟಿರುತ್ತದೆ.

ಆದರೆ ಮುಂಬಯಿಗೆ ಹೊರಗಿನಿಂದ ಕರೆಂಟು ತರುವುದೂ ಸುಲಭವಲ್ಲ. ಸುತ್ತ ಸಮುದ್ರ, ಖಾಡಿ, ಕಾಡು, ಜೋಪಡಿ. ತಂತಿ ಎಳೆಯಲು ದಾರಿಯಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ನೆನಪಿದೆಯೆ? ಹೊರಗಿನಿಂದ ಬರುವ ತಂತಿಗಳು ಒಂದರ ಹಿಂದೊಂದು ಕೈಕೊಟ್ಟು ಇಡೀ ಊರೇ ಕತ್ತಲಾಯಿತು, ಲೋಕಲ್‌ಗಳು ಹಳಿಯ ಮೇಲೇ ನಿಂತವು. ಕೊರೋನಾ ಕಾಲ, ನನ್ನ ಆನ್‌ಲೈನ್ ತರಗತಿ ಅರ್ಧಕ್ಕೇ ನಿಂತಿತು. (ಅಂದು ಗಣಿತದ ಪರೀಕ್ಷೆಯಿತ್ತು, ನಾನಂತೂ ದುಃಖಪಡಲಿಲ್ಲ.) ಊರನ್ನು ಎಬ್ಬಿಸಲು ನೆರವಾದವುಗಳಲ್ಲಿ ಘಟ್ಟದ ಆ ಹಳೆಯ ನೀರಿನ ಕೇಂದ್ರಗಳೂ ಇದ್ದವು. ಕಲ್ಲಿದ್ದಲಿನ ಬಾಯ್ಲರು ಕಾಯಲು ಗಂಟೆಗಟ್ಟಲೆ ಬೇಕು, ನೀರಿಗೆ ತೂಬು ತೆರೆದರೆ ಸಾಕು. ಆಮೇಲೆ 2023ರ ಅಕ್ಟೋಬರಿನಲ್ಲಿ ಖಾರಘರದಿಂದ ವಿಕ್ರೋಳಿಗೆ 400 ಕಿಲೋವೋಲ್ಟಿನ ಹೊಸ ಮಾರ್ಗ ಬಂತು. ಇಂಥ ಮಾರ್ಗಗಳಿದ್ದರೇ ದೂರದ ಗಾಳಿ ಬಿಸಿಲಿನ ಕರೆಂಟು ಊರೊಳಗೆ ಬರುವುದು.

ಬಂದಿದೆ ಕೂಡ. ಉಪನಗರಗಳಿಗೆ ಕರೆಂಟು ಮಾರುವ ಅದಾನಿಯವರು ರಾಜಸ್ಥಾನದ ಜೈಸಲಮೇರಿನಿಂದ ಗಾಳಿ ಬಿಸಿಲು ಎರಡೂ ಸೇರಿದ 700 ಮೆಗಾವ್ಯಾಟ್ ತರಿಸುತ್ತಾರೆ. ಕೊಂಡ ದರ ಯೂನಿಟ್ಟಿಗೆ 3 ರೂಪಾಯಿ 24 ಪೈಸೆ. ಗುಜರಾತಿನಲ್ಲಿ 2020ರ ಡಿಸೆಂಬರಿನ ಹರಾಜಿನಲ್ಲಿ ಸೌರ ಕರೆಂಟು 1 ರೂಪಾಯಿ 99 ಪೈಸೆಗೂ ಇಳಿದಿತ್ತು.

ಇಲ್ಲಿ ನನಗೆ ತಲೆ ಕೆಟ್ಟಿತು. ಬಿಸಿಲಿನ ಕರೆಂಟು ಮೂರು ರೂಪಾಯಿಗೂ ಕೆಳಗೆ ಸಿಗುವಾಗ ನಮ್ಮ ಬಿಲ್ಲು ಯಾಕೆ ಹಾಗೇ ಇದೆ? ಬಿಲ್ಲನ್ನು ತಿರುವಿ ಹಿಂಬದಿ ಓದಿ, ಅರ್ಥವಾಗುತ್ತದೆ. ಅದರಲ್ಲಿ ಕರೆಂಟಿನ ಬೆಲೆ ಒಂದು ಬಾಬು ಮಾತ್ರ. ಸ್ಥಿರ ಆಕಾರವೊಂದಿದೆ. ತಂತಿಯ ಮೇಲೆ ಹೊತ್ತು ತಂದ ವಹನ ಆಕಾರವಿದೆ. ಎಲ್ಲದರ ಮೇಲೆ ಸರಕಾರದ ಸುಂಕ ನೂರಕ್ಕೆ 16. ಇನ್ನು ಕಲ್ಲಿದ್ದಲಿನ ಕೇಂದ್ರಗಳ ಜೊತೆಗಿನ ಕರಾರಿನಲ್ಲಿ ಎರಡು ಭಾಗ: ಕೇಂದ್ರ ಓಡಲಿ ಬಿಡಲಿ ಕೊಡಲೇಬೇಕಾದ ದುಡ್ಡು ಒಂದು, ಓಡಿದ್ದಕ್ಕೆ ಸುಟ್ಟ ಇಂಧನದ ದುಡ್ಡು ಇನ್ನೊಂದು. ಕಲ್ಲಿದ್ದಲಿನ ಪೇಟೆ ದರ ಏರಿದರೆ 'ಇಂಧನ ಹೊಂದಾಣಿಕೆ ಆಕಾರ' ಎಂಬ ಹೆಸರಿನಲ್ಲಿ ನಮ್ಮ ತಲೆಗೆ ಬರುತ್ತದೆ. ಎಲ್ಲೋ ಯುದ್ಧವಾದರೂ ನಮ್ಮ ಲಿಫ್ಟು ನಿಲ್ಲುವುದಕ್ಕೆ ಇದೇ ಕಾರಣ.

ಬಿಸಿಲಿಗೆ ಈ ಹೊಂದಾಣಿಕೆ ಆಕಾರವಿಲ್ಲ. ಸೂರ್ಯ ದರ ಏರಿಸುವುದಿಲ್ಲ. ಬಿಸಿಲಿನ ಕರೆಂಟೆಂದರೆ ಬಹುತೇಕ ಪೂರಾ ಬಂಡವಾಳ. ದುಡ್ಡೆಲ್ಲ ಮೊದಲ ದಿನವೇ ಹಾಕಬೇಕು, ಆಮೇಲೆ ಇಪ್ಪತ್ತೈದು ವರ್ಷ ಖರ್ಚು ಅತಿ ಕಡಿಮೆ. ಕಲ್ಲಿದ್ದಲಿನದು ಉಲ್ಟಾ, ದಿನದಿನಕ್ಕೆ ತಿಂದಷ್ಟೂ ತೆರಬೇಕು. ಕಿರಾಣಿ ಅಂಗಡಿಯಲ್ಲಿ ವರ್ಷದ ಅಕ್ಕಿ ಒಮ್ಮೆಗೇ ಮೂಟೆಯಲ್ಲಿ ಕೊಂಡವನಿಗೆ ಅಗ್ಗ, ದಿನಾ ಅರ್ಧ ಕಿಲೋ ಒಯ್ಯುವವನಿಗೆ ತುಟ್ಟಿ, ಅಲ್ಲವೆ? ಮೂಟೆ ಕೊಳ್ಳಲು ಕೈಯಲ್ಲಿ ದುಡ್ಡು ಬೇಕು, ಇಡಲು ಜಾಗ ಬೇಕು. ಸೋಲಾರಿಗೂ ಅಷ್ಟೇ: ದುಡ್ಡು ಬೇಕು, ಗಚ್ಚಿ ಬೇಕು. ಚಾಳಿನವನಿಗೆ ಎರಡೂ ಇಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಶುರುಮಾಡಿದ ಸೂರ್ಯ ಘರ್ ಯೋಜನೆಯಲ್ಲಿ ಸ್ವಂತ ಛಾವಣಿಯವನಿಗೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಬಹಳ ಒಳ್ಳೆಯದೇ. ಆದರೆ ಮುಂಬಯಿಯಲ್ಲಿ ಸ್ವಂತ ಛಾವಣಿ ಇದ್ದವನು ಬಡವನಾಗಿರುವುದು ಎಷ್ಟು ಕಡೆ? ಛಾವಣಿ ಇಲ್ಲದವರಿಗಾಗಿ ಇನ್ನೊಂದು ದಾರಿಯನ್ನು 2021ರಲ್ಲಿ ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ತೆರೆಯಿತು. ಪೂರಾ ಹಸಿರು ಕರೆಂಟೇ ಬೇಕೆಂದವರು ಯೂನಿಟ್ಟಿಗೆ 66 ಪೈಸೆ ಹೆಚ್ಚು ಕೊಟ್ಟು ಪಡೆಯಬಹುದೆಂದಿತು. ಅಂದರೆ ಶುದ್ಧವಾದದ್ದು ಬೇಕಾದರೆ ಮೇಲೆ ದುಡ್ಡು. ಲಿಫ್ಟು ನಿಲ್ಲಿಸಿ ಉಳಿತಾಯ ಮಾಡುವ ನಾವು ಆ 66 ಪೈಸೆ ಕೊಡುತ್ತೇವೆಯೆ?

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಊರಿಗೆ ಕರೆಂಟು ಅಗ್ಗವಾಗುವುದು ಯಾರ ನೆಲದ ಮೇಲೆ? ಮುಳಶಿಯಲ್ಲಿ ರೈತರ ನೆಲ ಮುಳುಗಿಯೇ ಹೋಯಿತು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೇರೆ ರೀತಿ ಮಾಡಿದರು. 2,050 ಮೆಗಾವ್ಯಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ, ಆದರೆ ನೆಲ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವನಿಗೆ ಇದು ಕೆಟ್ಟ ವ್ಯವಹಾರವಲ್ಲ. ಆದರೆ ಗುತ್ತಿಗೆ ಹಣ ಬರುವುದು ಹೊಲದ ಒಡೆಯನಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳ ಹೆಸರು ಕರಾರು ಪತ್ರದಲ್ಲಿಲ್ಲ. ಆ ದೃಷ್ಟಿಯಿಂದ ನೋಡಿದರೆ ಊರೊಳಗಿನ ಗಚ್ಚಿಯಷ್ಟು ನಿರಪಾಯದ ಜಾಗ ಬೇರೊಂದಿಲ್ಲ, ಅಲ್ಲಿಂದ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಬಿಸಿಲಿಗೊಂದು ಐಬಿದೆ: ನಾವು ಮನೆಗೆ ಬಂದು ಸ್ವಿಚ್ ಒತ್ತುವ ಹೊತ್ತಿಗೆ ಅದು ಮುಳುಗಿರುತ್ತದೆ. ಇದಕ್ಕೆ ಉತ್ತರ ಮತ್ತೆ ಲೋಣಾವಳದ ಸುತ್ತಮುತ್ತಲೇ ಇದೆ ಎಂಬುದು ನನಗೆ ಬಲು ಸೋಜಿಗದ ವಿಷಯ. ಮಧ್ಯಾಹ್ನ ಬಿಸಿಲಿನ ಕರೆಂಟು ಹೆಚ್ಚಾದಾಗ ಅದರಿಂದ ಕೆಳಗಿನ ನೀರನ್ನು ಪಂಪು ಮಾಡಿ ಮೇಲಿನ ಕೆರೆಗೆ ಏರಿಸುವುದು, ರಾತ್ರಿ ಅದೇ ನೀರನ್ನು ಇಳಿಸಿ ಕರೆಂಟು ತೆಗೆಯುವುದು. ಏರಿಸಿದಷ್ಟೂ ವಾಪಸು ಬರುವುದಿಲ್ಲ, ಐದರಲ್ಲಿ ಒಂದು ಪಾಲಿನಷ್ಟು ದಾರಿಯಲ್ಲಿ ಹೋಗುತ್ತದೆ. ಆದರೂ ರಾತ್ರಿಗೆ ಕೂಡಿಟ್ಟ ಹಾಗಾಯಿತು. ಬ್ಯಾಂಕಿನ ಠೇವಣಿಗೆ ಬಡ್ಡಿ ಸಿಗುತ್ತದೆ, ಇಲ್ಲಿ ನಾವೇ ಬಡ್ಡಿ ಕೊಡಬೇಕು, ಅಷ್ಟೇ ವ್ಯತ್ಯಾಸ. ಭಿರಾದಲ್ಲಿ 150 ಮೆಗಾವ್ಯಾಟಿನ ಇಂಥ ಘಟಕ ತೊಂಬತ್ತರ ದಶಕದಿಂದಲೂ ಇದೆ. 2023ರ ಆಗಸ್ಟ್‌ನಲ್ಲಿ ಭಿವಪುರಿಯಲ್ಲಿ 1,000, ಶಿರವಟಾದಲ್ಲಿ 1,800 ಮೆಗಾವ್ಯಾಟಿನ ಹೊಸ ಘಟಕಗಳಿಗೆ ಟಾಟಾದವರು ರಾಜ್ಯ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಒಂದು ಸಲ ಇಳಿದು ಸಮುದ್ರ ಸೇರುತ್ತಿದ್ದ ನೀರಿನ ಬದಲು, ಅದೇ ನೀರು ಏರುತ್ತ ಇಳಿಯುತ್ತ ದುಡಿಯುತ್ತದೆ. ಮುತ್ಯಾನಿಗೆ ಈ ಸುದ್ದಿ ಹಿಡಿಸಿತು.

ಇನ್ನು ನಮ್ಮ ಗಚ್ಚಿಯ ಲೆಕ್ಕ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು. ನೀರಿನ ಟಾಕಿ, ಲಿಫ್ಟಿನ ಕೋಣೆ ಕಳೆದು 20 ಕಿಲೋವ್ಯಾಟಿಗೆ ಜಾಗ ಸಿಗುತ್ತದೆ. ಕಿಲೋವ್ಯಾಟಿಗೆ 55,000ದಂತೆ 11 ಲಕ್ಷ. ವಸತಿ ಸೊಸೈಟಿಗಳಿಗೆ ಕಿಲೋವ್ಯಾಟಿಗೆ 18,000 ಸಹಾಯಧನವಿದೆ, ಅದು 3 ಲಕ್ಷ 60 ಸಾವಿರ. ಉಳಿದದ್ದು 7 ಲಕ್ಷ 40 ಸಾವಿರ, ಮನೆಗೆ ಸುಮಾರು 7,700. ಒಳ್ಳೆಯ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಬರುತ್ತದೆಂದು ಹಿಡಿದು ಕಮಿಟಿಗೆ ಚೆಂದದ ತಖ್ತೆ ಮಾಡಿ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಎದುರುಮನೆಯ ಕಾಕೂ ಒಬ್ಬರೇ ತಖ್ತೆ ನೋಡದೆ ಕೇಳಿದರು, "ಚಳಿಗಾಲದಲ್ಲಿ ನಾನು ಅಲ್ಲಿ ಹಪ್ಪಳ ಹಾಕಿದರೆ ಹನ್ನೊಂದು ಗಂಟೆಯ ತನಕ ಟವರಿನ ನೆರಳೇ ಇರುತ್ತದಲ್ಲ ಪೋರಿ, ನಿನ್ನ ಮಶೀನಿಗೆ ನೆರಳಲ್ಲೂ ಕರೆಂಟು ಬರ್ತದಾ?"

ಬರುವುದಿಲ್ಲ. ಹೇಳಿಕೊಳ್ಳುವಷ್ಟಂತೂ ಬರುವುದಿಲ್ಲ. ಒಂದು ಫಲಕದ ಮೂಲೆಗೆ ನೆರಳು ಬಿದ್ದರೆ ಅದರ ಜೊತೆ ಪೋಣಿಸಿದ ಉಳಿದವೂ ಮಂಕಾಗುತ್ತವೆ. ನಾನು ಹೊಸದಾಗಿ ಕೂತು, ಮಳೆಗಾಲವನ್ನೂ ನೆರಳನ್ನೂ ಸೇರಿಸಿ 3 ಯೂನಿಟ್ ಹಿಡಿದೆ. ವರ್ಷಕ್ಕೆ 21,900 ಯೂನಿಟ್. ಯೂನಿಟ್ಟಿಗೆ ಸರಾಸರಿ 9 ರೂಪಾಯಿಯಂತೆ 1 ಲಕ್ಷ 97 ಸಾವಿರ ಉಳಿತಾಯ. ಹಾಕಿದ ದುಡ್ಡು ನಾಲ್ಕು ವರ್ಷದೊಳಗೆ ವಾಪಸು. ತೊಳೆಯುವ, ದುರಸ್ತಿಯ ಖರ್ಚು ಸೇರಿಸಿ ನಾಲ್ಕೂವರೆ ಎನ್ನೋಣ. ಹಗಲು ಹೆಚ್ಚಾದ ಕರೆಂಟನ್ನು ಬೆಸ್ಟ್‌ಗೆ ಕೊಟ್ಟು ರಾತ್ರಿ ಹಿಂದಕ್ಕೆ ಪಡೆಯುವ ಮೀಟರು ಹಾಕುತ್ತಾರೆ, ಆದ್ದರಿಂದ ಬ್ಯಾಟರಿ ಬೇಡ. 7,700 ಒಮ್ಮೆಗೇ ಕೊಡಲಾರದ ಮನೆಗಳು ಇಪ್ಪತ್ತಾರಿವೆ. ಅವರ ಪಾಲನ್ನು ಸೊಸೈಟಿಯ ನಿಧಿಯಿಂದ ಹಾಕಿ, ಉಳಿತಾಯದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುವ ಕಾಯಿದೆ ಮಾಡೋಣವೆಂದು ಬರೆದುಕೊಟ್ಟಿದ್ದೇನೆ. ಮೊದಲ ಸಭೆಯಲ್ಲಿ ಜಗಳವಾದದ್ದು ಈ ಒಂದು ಸಾಲಿಗೆ. 'ಅವರ ದುಡ್ಡು ನಾವ್ಯಾಕೆ ಹಾಕ್ಬೇಕು' ಎಂದು ಕೇಳಿದವರು ಚಾಳಿನಲ್ಲಿ ಇಪ್ಪತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು.

ಮೂರರಲ್ಲಿ ಎರಡು ಪಾಲು ಸಹಿ ಬೇಕೆಂದು ಕಮಿಟಿ ಗೊತ್ತುಮಾಡಿದೆ, ಅಂದರೆ 64. ಇದನ್ನು ಬರೆಯುವ ಹೊತ್ತಿಗೆ 61 ಬಂದಿವೆ. ಕಾಕೂ ಮೊದಲ ದಿನವೇ ಮಾಡಿದರು, ಹಪ್ಪಳಕ್ಕೆ ಒಂದು ಮೂಲೆ ಬಿಡಬೇಕೆಂಬ ಷರತ್ತಿನ ಮೇಲೆ. ಮಾರ್ಚ್ ತಿಂಗಳಲ್ಲಿ ನಾನೂ ಮುತ್ಯಾನೂ ಗಚ್ಚಿಗೆ ಹೋಗಿ, ಗಂಟೆಗೊಮ್ಮೆ ಟವರಿನ ನೆರಳು ಎಲ್ಲಿಯವರೆಗೆ ಬರುತ್ತದೆಂದು ಸುಣ್ಣದಲ್ಲಿ ಗೆರೆ ಎಳೆದೆವು. ನಮ್ಮ ಮನೆಯಿಂದ ಗಚ್ಚಿಗೆ ಮೆಟ್ಟಿಲು ಹತ್ತಿರ, ಕೆಳಗೇ ದೂರ. ಮುತ್ಯಾ ಖುರ್ಚಿಯ ಮೇಲೆ ಕೂತು ಗಡಿಯಾರ ನೋಡಿ "ಹಾಂ, ಎಳಿ" ಅಂತಿದ್ದರು, ಗಿರಣಿಯಲ್ಲಿ ಪಾಳಿ ಬದಲಾಯಿಸಿದ ಹಾಗೆ. ಮೇ ತಿಂಗಳ ಗೆರೆ ಗೋಡೆಯ ಬುಡಕ್ಕೆ ಹತ್ತಿರ ಬಿತ್ತು. ನೆರಳು ಎಲ್ಲಕ್ಕಿಂತ ಉದ್ದವಾಗುವ ಡಿಸೆಂಬರಿನ ಗೆರೆ ಇನ್ನೂ ಎಳೆಯಬೇಕಿದೆ. ಅದಾದ ಮೇಲೆ ಫಲಕ ಎಲ್ಲೆಲ್ಲಿ ಕೂಡಿಸುವುದು ಎಂದು ಗೊತ್ತಾಗುತ್ತದೆ. ಉಳಿದ ಮೂರು ಸಹಿಗೆ ರವಿವಾರ ಎರಡನೆಯ ಮಾಳಿಗೆಗೆ ಹೋಗುವವಳಿದ್ದೇನೆ. ಅಲ್ಲಿಯವರಿಗೆ ಲಿಫ್ಟಿನ ಗರಜು ಕಡಿಮೆ, ಒಪ್ಪಿಸುವುದು ಕಷ್ಟ.